ಕಹಿಪುಡಿ ಮತ್ತು ಹಳ್ಳದ ದಾರಿ

ಬೆಳಿಗ್ಗೆ ಎದ್ದು ಚಹಕ್ಕೆ ನೀರಿಡುವ ಮೊದಲು ಒಂದು ಚಮಚ ಕಹಿಪುಡಿಯನ್ನು ನಾಲಿಗೆಯ ಮೇಲೆ ಹಾಕಿಕೊಂಡು, ಬಿಸಿನೀರು ಗುಟುಕರಿಸಿ, ಮುಖ ಹಿಂಡಿಕೊಂಡು ಕಿಟಕಿಯ ಹತ್ತಿರ ನಿಲ್ಲುವುದು ನನ್ನ ರೂಢಿ. ವರ್ಷಗಳೇ ಆದವು. ಮೆಂತ್ಯ, ನೇರಳೆಬೀಜ, ಒಣಗಿಸಿದ ಹಾಗಲಕಾಯಿ, ಅಮೃತಬಳ್ಳಿ, ಒಂದಿಷ್ಟು ಬೇವಿನೆಲೆ, ಇಷ್ಟನ್ನೂ ಕುಟ್ಟಿ ಜರಡಿ ಹಿಡಿದ ಪುಡಿ. ಇದರಿಂದ ನಿಮಗೆ ಗುಣ ಬಂತೇ ಎಂದು ಕೇಳಿದರೆ ನನ್ನ ಹತ್ತಿರ ನೆಟ್ಟಗಿನ ಉತ್ತರವಿಲ್ಲ. ಬೈಲಹೊಂಗಲದ ನಮ್ಮ ಡಾಕ್ಟರು ಅದೆಲ್ಲ ಗುಳಿಗೆಯಿಂದ ಎನ್ನುತ್ತಿದ್ದರು. ಪುಡಿ ಕೊಟ್ಟ ದೇಗಾಂವ ಕಡೆಯ ವೈದ್ಯರು ಅದೆಲ್ಲ ಪುಡಿಯಿಂದ ಎನ್ನುತ್ತಿದ್ದರು. ಇಬ್ಬರನ್ನೂ ನೋಯಿಸುವುದು ಬೇಡವೆಂದು ನಾನು ಇಬ್ಬರ ಎದುರಿಗೂ ತಲೆಯಾಡಿಸುತ್ತ ಬಂದೆ. ಒಳಗೊಳಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ನನಗೆ ಗುಣ ಬಂದದ್ದು ನಡಿಗೆಯಿಂದ. ನಡಿಗೆಯಿಂದ ಎನ್ನುವುದಕ್ಕಿಂತ ಜೊತೆಗೆ ನಡೆದ ಒಬ್ಬಳಿಂದ. ಪುಡಿ ಬಾಯಿಗೆ ಬಿದ್ದ ಕೂಡಲೇ ಅವಳ ನೆನಪಾಗುತ್ತದೆ.

ಅವಳ ಸುದ್ದಿಗೆ ಬರುವ ಮೊದಲು ನನ್ನ ಗಾತ್ರದ ಸುದ್ದಿ ಹೇಳಬೇಕು. ಅದೇನು ಮುಚ್ಚಿಡುವ ವಿಷಯವಲ್ಲ. ಮುಚ್ಚಿಡುತ್ತೇನೆಂದರೂ ಅಷ್ಟಗಲದ ಸೆರಗನ್ನು ಇಳಕಲ್ಲಿನಲ್ಲೂ ನೇಯುವುದಿಲ್ಲ. ರಾಮದುರ್ಗದಲ್ಲಿ ನಾನು ಬೆಳೆದ ಮನೆಯಲ್ಲಿ ದಪ್ಪಗಿರುವುದು ರೋಗದ ದಾರಿ ಎಂದು ಯಾರಿಗೂ ಗೊತ್ತಿರಲಿಲ್ಲ. ಅದು ಮನೆತನದ ಮರ್ಯಾದೆ. ನಮ್ಮಜ್ಜಿ ಬಿಸಿ ರೊಟ್ಟಿಯ ನಡುವೆ ಬೆಣ್ಣೆ ಇಟ್ಟು, ಅದು ಕರಗಿ ಅಂಚಿಗೆ ಬರುವ ಮೊದಲೇ ಇನ್ನೊಂದು ಮುದ್ದೆ ಇಡುತ್ತಿದ್ದಳು. ಬೀಗರು ಬಂದರೆ ನನ್ನನ್ನು ಪಡಸಾಲೆಗೆ ಕರೆದು ನಿಲ್ಲಿಸಿ, "ಕೂಸು ಹೆಂಗ ತುಂಬಿಕೊಂಡೈತಿ ನೋಡ್ರಿ" ಎಂದು ತೋರಿಸುತ್ತಿದ್ದಳು. ಬೀಗರು ಗಲ್ಲ ಹಿಂಡಿ ಒಪ್ಪಿಗೆ ಕೊಡುತ್ತಿದ್ದರು. ಅಪ್ಪನ ಗೆಳೆಯರೊಬ್ಬರದು ಅಡತಿ ಅಂಗಡಿ. ರೈತರು ತಂದ ಮಾಲನ್ನು ತೂಗಿ ಮಾರಿಕೊಡುವ ಜಾಗ. ಅಲ್ಲೊಂದು ದೊಡ್ಡ ತಕ್ಕಡಿ ಇತ್ತು. ದೀಪಾವಳಿ ಮುಗಿದ ಮೇಲೆ ಅಪ್ಪ ನನ್ನನ್ನು ಅದರ ಒಂದು ಪರಡಿಯಲ್ಲಿ ಕೂರಿಸಿ, ಇನ್ನೊಂದರಲ್ಲಿ ಬೆಲ್ಲದ ಪೆಂಟಿಗಳನ್ನು ಇಡಿಸುತ್ತಿದ್ದ. ಹೋದ ವರ್ಷಕ್ಕಿಂತ ಒಂದು ಪೆಂಟಿ ಹೆಚ್ಚು ಬಿದ್ದರೆ ಅವನಿಗೆ ಹೆಮ್ಮೆ. ಹಾಗೆ ತೂಗಿಬಿಟ್ಟ ಬೆಲ್ಲವೆಲ್ಲ ಮುಂದೆ ನನ್ನ ರಕ್ತಕ್ಕೇ ಇಳಿದಿರಬೇಕು.

ಓದಿದೆ, ಸವದತ್ತಿಯಲ್ಲಿ ಹೈಸ್ಕೂಲಿನ ನೌಕರಿ ಸಿಕ್ಕಿತು, ಅಲ್ಲಿಂದ ಬೈಲಹೊಂಗಲಕ್ಕೆ ವರ್ಗವಾಯಿತು. ಮದುವೆ ಆಗಲಿಲ್ಲ. ನೋಡಲು ಬಂದವರು ಅರ್ಧ ಅವಲಕ್ಕಿ ತಿಂದು ಎದ್ದು ಹೋದರು. ಅವರು ಹೋದ ಮೇಲೆ ಉಳಿದದ್ದನ್ನು ನಾನು ತಿಂದೆ. ಇದನ್ನು ನಗುತ್ತ ಹೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಆದರೆ ಆ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ, ಸಂಜೆ ಸಾಲೆಯಿಂದ ಬಂದು ಕೀಲಿ ತೆಗೆದಾಗ, ಬೆಳಿಗ್ಗೆ ನಾನಿಟ್ಟ ಲೋಟ ಇಟ್ಟಲ್ಲೇ ಇರುವುದನ್ನು ನೋಡಿ ದಿನವೂ ಒಂದು ಗಳಿಗೆ ಜೀವ ಮುದುಡುತ್ತಿತ್ತು. ಒಬ್ಬರಿಗಾಗಿ ಅಡುಗೆ ಮಾಡುವುದು ಎಷ್ಟು ಕಷ್ಟವೆಂದು ತುಂಬಿದ ಮನೆಯವರಿಗೆ ತಿಳಿಯುವುದಿಲ್ಲ. ಒಂದೇ ರೊಟ್ಟಿಗೆ ಹಿಟ್ಟು ನಾದಲು ಕೈ ಏಳುವುದಿಲ್ಲ. ನಾಲ್ಕು ಬಡಿದರೆ ನಾಲ್ಕನ್ನೂ ತಿನ್ನಬೇಕು. ಉಳಿಸಿದರೆ ಯಾರೋ ಬರಬೇಕಿತ್ತು, ಬರಲಿಲ್ಲ ಅನ್ನಿಸುತ್ತದೆ. ಆದ್ದರಿಂದ ಬಾರದವರ ಪಾಲನ್ನೂ ನಾನೇ ಉಂಡೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ ಮಕ್ಕಳನ್ನು ಕಿತ್ತೂರಿಗೆ ಕರೆದುಕೊಂಡು ಹೋಗಿದ್ದೆವು. ಕೋಟೆಯ ಎತ್ತರದ ಜಾಗಕ್ಕೆ ಎಲ್ಲರೂ ಹತ್ತಿದರು. ನಾನು ಅರ್ಧಕ್ಕೇ ಕೂತೆ. ಕಣ್ಣಿಗೆ ಕತ್ತಲೆ ಬಂದು, ಬಾಯಿ ಒಣಗಿ, ಮಕ್ಕಳ ನೀರಿನ ಬಾಟಲಿಗಳನ್ನು ಒಂದೊಂದಾಗಿ ಖಾಲಿ ಮಾಡಿದೆ. "ಅಕ್ಕೋರ, ಇಲ್ಲಿಂದ ಭಾಳ ಛಂದ ಕಾಣತೈತ್ರಿ" ಎಂದು ಹುಡುಗಿಯರು ಮೇಲಿನಿಂದ ಕೂಗಿ ಕರೆದರು. ನನಗೆ ಅವರ ಚಪ್ಪಲಿಗಳಷ್ಟೇ ಕಾಣುತ್ತಿದ್ದವು.

ಮರುದಿನ ಡಾಕ್ಟರರ ಹತ್ತಿರ ಹೋದೆ. ಅವರು ರಕ್ತ ತೆಗೆಸಿ, ತೂಕ ಮಾಡಿಸಿ, ಕನ್ನಡಕ ಹಣೆಗೇರಿಸಿಕೊಂಡು ಕೂತರು.

"ಅಕ್ಕೋರ, ಸಕ್ಕರಿ ಐತಿ. ರಕ್ತದಾಗ ಕೊಬ್ಬು ಐತಿ. ಬಿ.ಪಿ.ನೂ ಬಾಗಲದಾಗ ಬಂದು ನಿಂತೈತಿ. ಇವೆಲ್ಲಾ ಒಂದ ಮನಿತನದ ಮಂದಿ, ಒಬ್ಬರ ಬಂದ್ರ ಉಳದವರನ್ನ ಕರಕೊಂಡ ಬರ್ತಾರ. ಇವರಿಗೆಲ್ಲಾ ಬಾಗಲಾ ತಗದಾಂವ ನಿಮ್ಮ ಬೊಜ್ಜು."

"ಹೊರಗ ಹಾಕೂದ ಹೆಂಗ್ರಿ?"

"ನಡೀರಿ. ದಿನಾ ನಡೀರಿ. ಗುಳಿಗಿ ನಾ ಕೊಡ್ತೇನಿ, ಕಾಲ ನಿಮ್ಮವು."

ಸಂತೆಯ ದಿನ ಬರುವ ವೈದ್ಯರ ಪುಡಿಯ ಬಗ್ಗೆ ಅಂಜುತ್ತಲೇ ಕೇಳಿದೆ. "ತಗೋರಿ, ನನ್ನ ತಕರಾರಿಲ್ಲ. ಗುಳಿಗಿ ಮಾತ್ರ ಬಿಡಬ್ಯಾಡ್ರಿ, ತಪ್ಪದ ರಕ್ತಾ ತೋರಸ್ರಿ" ಎಂದರು. ಹೀಗೆ ಗುಳಿಗೆ, ಪುಡಿ, ಕಾಲು ಮೂರೂ ಒಂದೇ ದಿನ ನನ್ನ ಮನೆಗೆ ಬಂದವು.

ನಡೆಯುವುದರಲ್ಲಿ ಏನಿದೆ ಎಂದುಕೊಳ್ಳುತ್ತೀರಿ. ನಮ್ಮ ಕಡೆ ಆಗ ಸುಮ್ಮನೆ ನಡೆಯುವುದು ಎಂಬ ಕೆಲಸವೇ ಇರಲಿಲ್ಲ. ಹೊಲಕ್ಕೆ ಹೋಗುವವರು ನಡೆಯುತ್ತಾರೆ, ಬಸ್ಸು ತಪ್ಪಿದವರು ನಡೆಯುತ್ತಾರೆ, ಇಬ್ಬರಿಗೂ ಹೋಗುವ ಊರು ಒಂದಿರುತ್ತದೆ. ಕೈಯಲ್ಲಿ ಚೀಲವಿಲ್ಲದೆ ದೊಡವಾಡ ರಸ್ತೆಯಲ್ಲಿ ಬೆಳಗಿನ ಜಾವ ಒಬ್ಬ ಹೆಂಗಸು ನಡೆದು ಹೊರಟಿದ್ದಾಳೆಂದರೆ ಅವಳಿಗೆ ಏನೋ ಕಷ್ಟ ಬಂದಿದೆ ಎಂದೇ ಅರ್ಥ. ಅದರಲ್ಲೂ ನಾನು ಸಾಲೆಯ ಅಕ್ಕೋರು, ಅರ್ಧ ತಾಲೂಕಿನ ಮಕ್ಕಳಿಗೆ ಕಲಿಸಿದವಳು. ಹಾಲಿನ ಗಾಡಿ ನಿಲ್ಲುತ್ತಿತ್ತು, ಟೆಂಪೊ ನಿಲ್ಲುತ್ತಿತ್ತು. "ಯಾಕ್ರಿ ಅಕ್ಕೋರ, ನಡಕೋತ ಹೊಂಟೀರಿ? ಹತ್ರಿ ಹತ್ರಿ." ಸಕ್ಕರೆ ಕಾಯಿಲೆಗೆ ನಡೆಯುತ್ತಿದ್ದೇನೆ ಎಂದರೆ, "ಆರಾಮಿಲ್ಲಂದ ಮ್ಯಾಲ ನಡೀತಾರೇನ್ರಿ?" ಎಂದು ಇನ್ನಷ್ಟು ಒತ್ತಾಯ. ಒಂದು ಸಲ ಹಳೆಯ ವಿದ್ಯಾರ್ಥಿಯೊಬ್ಬ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ದೊಡವಾಡಕ್ಕೇ ಕರೆದೊಯ್ದ. ಅವನ ತಾಯಿ ಕೂರಿಸಿ, ಸಕ್ಕರೆ ಹಾಕಿದ ಕೆನೆ ಹಾಲು ಕೊಟ್ಟಳು. ಕುಡಿದು, ಕುಂಕುಮ ಹಚ್ಚಿಸಿಕೊಂಡು, ಬಸ್ಸಿನಲ್ಲಿ ವಾಪಸು ಬಂದೆ. ಆ ತಿಂಗಳು ನನ್ನ ತೂಕ ಏರಿತ್ತು.

ನೀಲಕ್ಕನನ್ನು ನಾನು ಮೊದಲು ನೋಡಿದ್ದು ಡಾಕ್ಟರರ ದವಾಖಾನೆಯ ಬೆಂಚಿನ ಮೇಲೆ. ಪೇಟೆಯ ದೊಡ್ಡ ಅಡತಿ ಮನೆತನದ ಮೂರನೆಯ ಸೊಸೆ. ನನ್ನಷ್ಟೇ ದುಂಡಗೆ, ನನಗಿಂತ ಸಣ್ಣ ವಯಸ್ಸು. ಜೊತೆಗೆ ಅವಳ ಅತ್ತೆ ಬಂದಿದ್ದರು. ಮನೆಮಂದಿಯೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು, ಹಾಗಾಗಿ ಊರೂ ಹಾಗೇ ಕರೆಯುತ್ತಿತ್ತು. ನೀಲಕ್ಕನಿಗೂ ನನ್ನದೇ ರೋಗಗಳು, ನನ್ನದೇ ಉಪಾಯಗಳು. ನಡೆಯಬೇಕು ಎಂದು ಡಾಕ್ಟರರು ಹೇಳಿದಾಗ ದೊಡ್ಡವ್ವ ಒಪ್ಪಲಿಲ್ಲ.

"ಮನ್ಯಾಗ ಅಂಗಳ ಐತಲ್ರಿ, ಅಲ್ಲೇ ತಿರುಗಿದ್ರ ನಡಿಯೂದಿಲ್ಲೇನು?"

"ಇಲ್ರಿ ದೊಡ್ಡವ್ವ. ಬೆವರ ಇಳೀಬೇಕು, ದಾರಿ ಬೇಕು."

"ಒಬ್ಬಾಕಿನ್ನ ಹೆಂಗ ಕಳಸೂದ್ರಿ?"

ಡಾಕ್ಟರರು ಬೆಂಚಿನ ಕಡೆ ಕೈ ತೋರಿಸಿದರು. "ಇವರ ಅದಾರಲ್ಲ, ಸಾಲಿ ಅಕ್ಕೋರು. ಇವರಿಗೂ ಜೋಡಿ ಆಗತೈತಿ."

ದೊಡ್ಡವ್ವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನೋಡಲಿಕ್ಕೆ ಹೊತ್ತು ಹಿಡಿಯಿತು. ಕೊನೆಗೆ ಒಪ್ಪಿದರು, ಆದರೆ ಒಂದು ಕರಾರು. ಬರಿಗೈಯಲ್ಲಿ ಹೋಗಬಾರದು. ಕೈಯಲ್ಲಿ ಹೂವಿನ ಬುಟ್ಟಿ ಇರಬೇಕು, ಊರು ಕೇಳಿದರೆ ಹಳ್ಳದ ಬಸವಣ್ಣನ ಗುಡಿಗೆ ಎನ್ನಬೇಕು. "ಡಾಕ್ಟರ ಹೇಳ್ಯಾರ ಅಂತ ಊರ ಮಂದಿಗೆ ಹೆಂಗ ಗೊತ್ತಾಗಬೇಕ್ರಿ?" ಎಂದರು. ಅದೂ ನಿಜವೇ.

ಹೀಗೆ ನಮ್ಮ ವ್ಯಾಯಾಮ ಶುರುವಾಯಿತು. ಇಬ್ಬರು ಗುಂಡನೆಯ ಹೆಂಗಸರು, ಇಳಕಲ್ ಸೀರೆ, ರಬ್ಬರಿನ ಚಪ್ಪಲಿ, ಮಲ್ಲಿಗೆ ತುಂಬಿದ ಬುಟ್ಟಿ. ಬುಟ್ಟಿ ಕೆಲಸ ಮಾಡಿತು. ಗುಡಿಗೆ ಹೊರಟವರನ್ನು ಗಾಡಿ ಹತ್ತಿ ಎಂದು ಯಾರೂ ಒತ್ತಾಯ ಮಾಡುವುದಿಲ್ಲ. ಹರಕೆ ಇರಬೇಕು ಎಂದು ದಾರಿ ಬಿಡುತ್ತಾರೆ. ಹಳ್ಳದ ಬ್ರಿಜ್ಜಿನ ಪಕ್ಕದ ಬಸವಣ್ಣ ಅಲ್ಲಿಯವರೆಗೆ ಶ್ರಾವಣದಲ್ಲಷ್ಟೇ ಹೂ ಕಂಡವನು. ಈಗ ದಿನವೂ ಮಲ್ಲಿಗೆ. ಪೂಜಾರಿ ನಮ್ಮ ಭಕ್ತಿಗೆ ಮೆಚ್ಚಿ ಸಕ್ಕರೆ ಪ್ರಸಾದ ಕೊಡಲು ಬಂದರೆ, ಕಣ್ಣಿಗೆ ಒತ್ತಿಕೊಂಡು, ಬರುವಾಗ ಇರುವೆಗಳಿಗೆ ಹಾಕುತ್ತಿದ್ದೆವು.

ಮೊದಮೊದಲು ನೀಲಕ್ಕ ಮಾತೇ ಆಡುತ್ತಿರಲಿಲ್ಲ. ನಾನೇ ಸಾಲೆಯ ಸುದ್ದಿ ಹೇಳುತ್ತಿದ್ದೆ, ಅವಳು ಹ್ಞೂಂ ಎನ್ನುತ್ತಿದ್ದಳು. ಒಂದು ದಿನ ಬ್ರಿಜ್ಜಿನ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳುವಾಗ ತಾನಾಗಿ ಬಾಯಿ ಬಿಟ್ಟಳು.

"ನಮ್ಮ ಮನ್ಯಾಗ ಪಂಗತಿ ಹಾಕಿ ಉಣ್ಣೂವಷ್ಟ ಮಂದಿ ಅದೀವ್ರಿ ಅಕ್ಕೋರ. ಆದ್ರ ನನ್ನ ಹೆಸರ ಹಿಡದು ಕರದವರ ಕಡೀಕ ಯಾರು, ಯಾವಾಗ, ನನಗ ನೆನಪಿಲ್ಲ. ಸಣ್ಣಾಕಿ ಅಂತಾರ, ಮೂರನೇದಾಕಿ ಅಂತಾರ. ನೀವ ನೀಲಕ್ಕ ಅಂದಾಗ ಮೊದಲನೇ ದಿನಾ ಯಾರನ್ನ ಕರದ್ರೋ ಅಂತ ಹೊಳ್ಳಿ ನೋಡಿದ್ದೆ."

ತುಂಬಿದ ಮನೆಯಲ್ಲೂ ನನ್ನ ಖೋಲಿಯಂಥ ಖೋಲಿ ಇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆ ದಿನದಿಂದ ಅವಳು ಮಾತಾಡತೊಡಗಿದಳು, ಹಳ್ಳ ಬರುವವರೆಗೂ, ಹಳ್ಳದಿಂದ ಬರುವವರೆಗೂ. ತವರಿನ ಎಮ್ಮೆ, ಸತ್ತುಹೋದ ತಂಗಿ, ಕಲಿಯಲು ಹೊರಟು ಅರ್ಧಕ್ಕೆ ಬಿಟ್ಟ ಹೊಲಿಗೆ, ಎಲ್ಲ. ನಾನು ಎಲ್ಲರಿಗೂ ನಗುತ್ತ ಹೇಳುವ ಅವಲಕ್ಕಿಯ ಮಾತನ್ನು ನಗದೇ ಹೇಳಿದ್ದು ಅವಳಿಗೊಬ್ಬಳಿಗೇ. ರಾತ್ರಿ ಮಲಗುವಾಗ ಬೆಳಗಾದರೆ ಸಾಕು ಅನ್ನಿಸುತ್ತಿತ್ತು. ನನ್ನ ಜೀವನದಲ್ಲಿ ಬೆಳಗಿಗಾಗಿ ಕಾದ ಕಾಲ ಅದೊಂದೇ.

ನನ್ನ ಸಕ್ಕರೆ ಇಳಿಯಿತು. ಸೀರೆಯ ನಿರಿಗೆ ಒಂದೆರಡು ಹೆಚ್ಚಾದವು. ನೀಲಕ್ಕನದು ಮಾತ್ರ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಅದೇ ದಾರಿ, ಅದೇ ಪುಡಿ, ಅದೇ ಗುಳಿಗೆ. ಡಾಕ್ಟರರು ತಲೆ ಕೆರೆದುಕೊಂಡರು. ಒಂದು ಬೆಳಿಗ್ಗೆ ಅವಳು ಬುಟ್ಟಿಯಲ್ಲಿ ಹೂವಿನ ಕೆಳಗಿನಿಂದ ಒಂದು ಉಂಡಿ ತೆಗೆದು ಬಾಯಿಗೆ ಹಾಕಿಕೊಂಡಳು. ಏನದು ಎಂದೆ.

"ಔಷಧರಿ" ಎಂದಳು.

ದೊಡ್ಡವ್ವನಿಗೆ ಸೊಸೆ ಬರಿ ಕಹಿ ನುಂಗುವುದನ್ನು ನೋಡಲಾಗಿರಲಿಲ್ಲ. ಆ ಮನೆಯಲ್ಲಿ ಬಾಣಂತಿಗೆ ಮೆಂತ್ಯದ ಉಂಡಿ, ಚಳಿಗೆ ಅಂಟಿನ ಉಂಡಿ. ಏನೇ ಆರಾಮಿಲ್ಲದಿದ್ದರೂ ಅದಕ್ಕೊಂದು ಉಂಡಿ ಕಟ್ಟಿ ಗುಣಪಡಿಸುವುದು ಮೊದಲಿನಿಂದ ಬಂದ ಪದ್ಧತಿ. ವೈದ್ಯರ ಪುಡಿಯನ್ನು ಹಾಗೇ ತಿನ್ನಿಸುವುದು ಅವರಿಗೆ ಅನಾಗರಿಕ ಕೆಲಸವಾಗಿ ಕಂಡಿತು. ತುಪ್ಪ ಕಾಯಿಸಿ, ಬೆಲ್ಲದ ಪಾಕ ಹಿಡಿದು, ಕೊಬ್ಬರಿ, ಉತ್ತತ್ತಿ, ಗೋಡಂಬಿ ಹಾಕಿ, ಅದರಲ್ಲಿ ಪುಡಿ ಕಲಸಿ ಉಂಡಿ ಕಟ್ಟಿದ್ದರು. ಕಹಿ ಉಳಿಯಬಾರದೆಂದು ಬೆಲ್ಲ ಸ್ವಲ್ಪ ಮುಂದಾಗಿಯೇ ಹಾಕಿದ್ದರು. ನನಗೆ ನಗು ಬಂತು. ನಗುತ್ತ ನೀಲಕ್ಕನ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

"ನೀಲಕ್ಕ, ಇದರಾಗ ಬೆಲ್ಲ ಐತ್ರಿ. ಸಕ್ಕರಿ ಇಳಿಯೂದಿಲ್ಲ."

"ಗೊತ್ತೈತ್ರಿ."

"ಗೊತ್ತಿದ್ದೂ ಯಾಕ ತಿನ್ನಾಕ ಹತ್ತೀರಿ?"

ಅವಳು ಬುಟ್ಟಿಯ ಮೇಲೆ ಮತ್ತೆ ಹೂವು ಮುಚ್ಚಿದಳು. "ಇಳದ್ರ ಆರಾಮ ಆತು ಅಂತಾರ್ರಿ. ಆರಾಮ ಆದಾಕಿ ದಾರಿ ಹಿಡದು ಯಾಕ ತಿರಗ್ಯಾಡಬೇಕು ಅಂತಾರ. ಮನಿ ಬಿಟ್ಟು ಹೊರಗ ಬರಾಕ ನನಗಿರೂದ ಈ ರೋಗ ಒಂದ."

ನನ್ನ ಕಾಲು ನಿಂತವು. ಅವಳು ಕಣ್ಣು ಕಳೆದುಕೊಂಡಾಳು, ಮೂತ್ರಪಿಂಡ ಕಳೆದುಕೊಂಡಾಳು ಎಂದು ಭಯವಾಯಿತು. ಅದರ ಜೊತೆಗೇ, ನಮ್ಮ ಬೆಳಗುಗಳಿಗಾಗಿ ಒಬ್ಬಳು ಇಷ್ಟು ಬೆಲೆ ತೆರುತ್ತಿದ್ದಾಳಲ್ಲ ಎಂದು ಎದೆ ತುಂಬಿ ಬಂತು. ಎರಡೂ ಒಟ್ಟಿಗೆ ಆದದ್ದರಿಂದ ಗದರಿಸಿದೆನೋ ಸಮಾಧಾನ ಮಾಡಿದೆನೋ ನೆನಪಿಲ್ಲ. ಉಂಡಿ ಬಿಡುವಂತೆ ಆಣೆ ಮಾಡಿಸಿಕೊಂಡೆ. ಸಕ್ಕರೆ ಇಳಿದರೂ ನಡಿಗೆ ನಿಲ್ಲದಂತೆ ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ.

ಡಾಕ್ಟರರಿಗೆ ಹೇಳಿದೆ. ಅವರು ಒಳ್ಳೆಯವರು. ಮುಂದಿನ ಸಲ ದೊಡ್ಡವ್ವ ಬಂದಾಗ ಗಟ್ಟಿಯಾಗಿ ಹೇಳಿದರು: "ಇಳೀಲಿ, ಏರಲಿ, ಈಕಿ ಜೀವಾ ಇರೂತನಕಾ ದಿನಾ ಬೆವರ ಹರಸಬೇಕು. ಒಂದ ದಿನಾ ಬಿಡಂಗಿಲ್ಲ." ಹೊರಗೆ ಬೆಂಚಿನ ಮೇಲೆ ಕೂತಿದ್ದ ನಾನು ಅದನ್ನು ಕೇಳಿ ಗೆದ್ದೆ ಎಂದುಕೊಂಡೆ.

ಜೀವ ಇರುವತನಕ ಎಂಬ ಮಾತು ಆ ಮನೆಗೆ ಹೋಗಿ ಬೇರೆ ಅರ್ಥ ಪಡೆಯಿತು. ಸ್ವಲ್ಪ ದಿನ ಎಂದಿದ್ದರೆ ಬುಟ್ಟಿ ಹಿಡಿದು ನಡೆಯಲಿ. ಜೀವಮಾನವೆಲ್ಲ ಸೊಸೆ ದೊಡವಾಡ ರಸ್ತೆಯಲ್ಲಿ ತಿರುಗುವುದೆಂದರೆ? ಮಳೆ ಇದೆ, ಲಾರಿಗಳಿವೆ, ನಾಯಿಗಳಿವೆ. ಮನೆಯ ಗಂಡಸರು ಕೂತು ಯೋಚಿಸಿ, ನಿಜವಾದ ಕಳಕಳಿಯಿಂದಲೇ, ಬೆಳಗಾವಿಗೆ ಹೋಗಿ ವ್ಯಾಯಾಮದ ಸೈಕಲ್ಲೊಂದನ್ನು ತಂದರು. ನಿಂತಲ್ಲೇ ತುಳಿಯುವಂಥದು. ಮಾಳಿಗೆಯ ಖೋಲಿಯಲ್ಲಿ ಅದನ್ನಿಟ್ಟು, ಹೊಸ ವಾಹನಕ್ಕೆ ಮಾಡುವಂತೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕೆಳಗೆ ಲಿಂಬೆಹಣ್ಣು ಇಟ್ಟರಂತೆ. ಸೈಕಲ್ಲು ಮುಂದೆ ಹೋಗಲಿಲ್ಲವಾದ್ದರಿಂದ ಲಿಂಬೆಹಣ್ಣು ಹಾಗೇ ಉಳಿಯಿತಂತೆ. ಇದನ್ನೆಲ್ಲ ಅವರ ಮನೆಯ ಕೆಲಸದವಳು ನನಗೆ ಹೇಳಿದಳು. ಆ ಬೆಳಿಗ್ಗೆ ನಾನು ಅವರ ಕಟ್ಟೆಯ ಮುಂದೆ ಕಾಯುತ್ತ ನಿಂತಿದ್ದೆ. "ಇನ್ನ ಬರಂಗಿಲ್ಲ್ರಿ ಅವರು" ಎಂದು ಹೇಳಲು ಅವಳನ್ನು ಕಳಿಸಿದ್ದರು.

ಆಮೇಲೆ ಒಬ್ಬಳೇ ನಡೆದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದ ದುಃಖ ಬಹಳ ತ್ರಾಸಿನದು. ಯಾರೂ ಕೆಟ್ಟದ್ದು ಮಾಡಿರಲಿಲ್ಲ. ದವಾಖಾನೆಗೆ ಹೋದರೆ ಡಾಕ್ಟರರು, "ನಿಮ್ಮ ಗೆಳತಿ ಸಕ್ಕರಿ ಇಳದೈತ್ರಿ ಅಕ್ಕೋರ, ಸೈಕಲ್ ಭಾಳ ಛಲೋ ಕೆಲಸಾ ಮಾಡತೈತಿ" ಎಂದರು. ಸಂತೋಷವಾಯಿತು ಎಂದೆ. ಆಗಿಯೂ ಇತ್ತು. ಮನೆಗೆ ಬಂದು ನಾಲ್ಕು ರೊಟ್ಟಿ ಬಡಿದೆ.

ಬೆಳಗಿನ ಹೊತ್ತು ಅವರ ಮನೆಯ ಕೆಳಗೆ ಹಾಯುವಾಗ ಮಾಳಿಗೆಯಿಂದ ಗರ್ರ್ ಎಂಬ ಸಪ್ಪಳ ಕೇಳುತ್ತಿತ್ತು. ಒಮ್ಮೊಮ್ಮೆ ನಿಂತು ಕೇಳುತ್ತಿದ್ದೆ. ಅವಳು ಇಳಿದು ಬರುವ ಹಾಗಿಲ್ಲ, ನಾನು ಕೂಗಿ ಕರೆಯುವ ಹಾಗಿಲ್ಲ. ಮನೆಗೆ ಹೋಗಿ ಮಾತಾಡಿಸಬಹುದಿತ್ತಲ್ಲ ಎನ್ನುತ್ತೀರಿ. ದೊಡ್ಡವರ ಮನೆಗೆ ಕೆಲಸವಿಲ್ಲದೆ ಹೋಗಲು ನನಗೂ ಒಂದು ಬುಟ್ಟಿ ಬೇಕಿತ್ತು. ಕೊನೆಗೆ ವೈದ್ಯರು ಹೊಸ ಪುಡಿ ತಂದಾಗ, ಅವಳ ಪಾಲು ಕೊಡುವ ನೆವ ಸಿಕ್ಕಿತು. ಒಂದು ರವಿವಾರ ಹೋದೆ.

ದೊಡ್ಡವ್ವ ಪಡಸಾಲೆಯಲ್ಲಿ ಕೂತಿದ್ದರು. "ಬರ್ರಿ ಅಕ್ಕೋರ. ಮ್ಯಾಲ ಅದಾಳ, ಹೋಗ್ರಿ" ಎಂದರು. ನೀಲಕ್ಕ ಸಣ್ಣಗಾಗಿದ್ದಳು, ಮುಖ ಇಳಿದಿತ್ತು. ಎದುರಿಗೆ ಬಿಳಿ ಗೋಡೆ. ಅದನ್ನೇ ನೋಡುತ್ತ ತುಳಿಯುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಲು ಹೋದವಳಿಗೆ, ನಿಲ್ಲಿಸಬೇಡಿ ಎಂದು ಕೈ ಮಾಡಿ, ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವಳ ಕಣ್ಣು ಒದ್ದೆಯಾದದ್ದು ನೋಡಿ ಬಾಯಿಗೆ ಬಂದದ್ದು ಕೇಳಿದೆ.

"ಎಲ್ಲಿತನಕಾ ಬಂದ್ರಿ ನೀಲಕ್ಕ?"

ಅವಳು ಗೋಡೆ ನೋಡಿದಳು, ನನ್ನನ್ನು ನೋಡಿದಳು. "ಮಾರ್ಕೆಟ್ ಯಾರ್ಡಿನ ಗೇಟ್ ದಾಟಿದ್ವಿ ಅಲ್ರಿ?"

"ದಾಟಿದ್ವಿ. ಗೇಟಿನ ಮುಂದ ಮೆಣಸಿನಕಾಯಿ ಚೀಲ ಇಳಸಾಕ ಹತ್ತ್ಯಾರ, ಮೂಗ ಮುಚ್ಚಿಕೊಳ್ರಿ."

ಅವಳು ನಿಜಕ್ಕೂ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಹತ್ತಿ ಮಿಲ್ಲು ಬಂತು. ಬೇವಿನ ಗಿಡಗಳು ಬಂದವು. ಹಾಲಿನ ಗಾಡಿಯವನು ಕೈ ಮುಗಿದ. ನಾನು ಹೇಳುತ್ತ ಹೋದೆ, ಅವಳು ತುಳಿಯುತ್ತ ನಡುನಡುವೆ ತಿದ್ದುತ್ತ ಹೋದಳು. ಹಳ್ಳದ ಬ್ರಿಜ್ಜು ಬಂದಾಗ ಇಬ್ಬರಿಗೂ ಏದುಸಿರು ಬಂದಿತ್ತು. ನಾನು ಕೂತೇ ಇದ್ದೆ, ಆದರೂ ಬಂದಿತ್ತು.

ಆಗ ಬಾಗಿಲ ಕಡೆ ನೋಡಿದರೆ ದೊಡ್ಡವ್ವ ನಿಂತಿದ್ದರು. ಮೊಣಕಾಲು ನೋವಿನಿಂದ ಅವರು ಮಾಳಿಗೆ ಹತ್ತುವುದೇ ಇಲ್ಲವೆಂದು ನನಗೆ ಗೊತ್ತಿತ್ತು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ. ನೀಲಕ್ಕನ ಕಾಲು ನಿಂತವು. ನಾನು ಎದ್ದು ನಿಂತೆ. ಇಬ್ಬರೂ ಸಿಕ್ಕಿಬಿದ್ದ ಹುಡುಗಿಯರ ಹಾಗಾಗಿದ್ದೆವು.

ಅವರು ಗೋಡೆ ಹಿಡಿದುಕೊಂಡು ಬಂದು ಟ್ರಂಕಿನ ಮೇಲೆ ಕೂತರು. "ಹಳ್ಳದಾಗ ನೀರ ಐತೇನ್ರಿ?" ಎಂದು ಕೇಳಿದರು.

"ಸ್ವಲ್ಪ ಐತ್ರಿ."

"ನಾ ಈ ಮನಿಗಿ ಆ ದಾರೀಲೇ ಬಂದಾಕಿ. ಗಾಡ್ಯಾಗ ಸೆ‌ರಗ ಮುಚ್ಚಿ ಕುಂದ್ರಿಸಿದ್ರು. ಗಾಲಿ ನೀರಾಗ ಇಳದ ಸಪ್ಪಳ ಕೇಳಿದ್ದೆ, ಹಳ್ಳ ಕಾಣಲಿಲ್ಲ. ಆಮ್ಯಾಲ ಹೋಗಿದ್ದೆಲ್ಲಾ ಜೀಪಿನ್ಯಾಗ, ಗಂಡಸರ ನಡಕ."

ಸ್ವಲ್ಪ ಹೊತ್ತು ಮಂಡಿ ನೀವಿಕೊಂಡರು. ಆಮೇಲೆ ಸೊಸೆಯ ಕಡೆ ನೋಡಿ, "ತುಳಿ ನೀಲವ್ವ, ಯಾಕ ನಿಂತಿ" ಎಂದರು. ನನ್ನ ಕಡೆ ತಿರುಗಿದರು.

"ಮೊದಲಿಂದ ಹೇಳ್ರಿ ಅಕ್ಕೋರ. ಸಾವಕಾಶ ಹೋಗ್ರಿ, ನನ್ನ ಕಾಲ ನೂಸ್ತಾವ."

ನೀಲಕ್ಕ ಪೆಡಲಿನ ಮೇಲೆ ಕಾಲಿಟ್ಟಳು. ನಾನು ಅವರ ಮನೆಯ ಕಟ್ಟೆಯಿಂದಲೇ ಶುರು ಮಾಡಿದೆ.